ತೋಟದ ಆಫೀಸ್ ಸರ್ವರ್ ಮಳೆಗಾಲದಲ್ಲಿ ತಾನಾಗೇ ರೀಬೂಟ್ ಆಗುತ್ತಿದೆ, ಲಾಗ್‌ನಲ್ಲಿ ‘ಹಾರ್ಡ್‌ವೇರ್ ಎರರ್’ ಅಂತಿದೆ

ಮಾದಾಪುರ_ತೋಟ · ಜುಲೈ 8, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಕೊಡಗಿನ ಮಾದಾಪುರದ ಹತ್ತಿರ ನಮ್ಮದು ಕಾಫಿ ತೋಟ. ಆಫೀಸಿನಲ್ಲಿ ಒಂದು ಹಳೆಯ ಟವರ್ ಸರ್ವರ್ ಇದೆ, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಲಿನಕ್ಸ್ ಹಾಕಿದ್ದೇವೆ. ಕೊಯ್ಲಿನ ತೂಕ, ಕೆಲಸದವರ ಸಂಬಳ, ಮೆಣಸಿನ ಲೆಕ್ಕ ಎಲ್ಲ ಅದರಲ್ಲೇ. ನಾಲ್ಕು ರ‍್ಯಾಮ್ ಸ್ಟಿಕ್, ತಲಾ 8 ಜಿಬಿ, ಇಸಿಸಿ (ತಪ್ಪು ತಾನೇ ಪತ್ತೆ ಮಾಡಿ ಸರಿಪಡಿಸುವ ಏರ್ಪಾಡು) ಇರುವಂಥವು.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮೂರು ಸಲ ತಾನಾಗೇ ರೀಬೂಟ್ ಆಯಿತು. ಎಲ್ಲರೂ ಕರೆಂಟ್ ಅಂದರು. ನಮ್ಮ ಕಡೆ ಮಳೆಗಾಲದ ಕರೆಂಟ್ ಹೇಗೆ ಅಂತ ಗೊತ್ತಲ್ವಾ, ಲೈನ್ ಮೇಲೆ ಒಂದು ಮರ ಬಿದ್ದರೆ ಎರಡು ದಿನ ಇಲ್ಲ. ಹಾಗಾಗಿ ಯುಪಿಎಸ್ ಬ್ಯಾಟರಿ ಬದಲಿಸಿದೆ. ಆಮೇಲೂ ಆಯಿತು. ನಿನ್ನೆ ರಾತ್ರಿ ರೀಬೂಟ್ ಕೂಡ ಆಗಲಿಲ್ಲ. ಸ್ಕ್ರೀನ್ ಹಾಗೇ ನಿಂತುಬಿಟ್ಟಿತು. ಪ್ಲಗ್ ಕಿತ್ತು ಮತ್ತೆ ಹಾಕಿದೆ.

ಇವತ್ತು ಲಾಗ್ ತೆಗೆದು ನೋಡಿದೆ. ಹಿಂದಿನ ದಿನಗಳಲ್ಲಿ ಒಂದೇ ಥರದ ಸಾಲುಗಳು ತುಂಬಾ ಇವೆ. ಒಂದನ್ನು ಇಲ್ಲಿ ಬರೆಯುತ್ತೇನೆ: ಹಾರ್ಡ್‌ವೇರ್ ಎರರ್, ಮೆಷಿನ್ ಚೆಕ್, ಸಿಪಿಯು 0, ಬ್ಯಾಂಕ್ 7, 8ಸಿ00004000010090. ನಿನ್ನೆ ರಾತ್ರಿಯದು ಮಾತ್ರ ಏನೂ ಇಲ್ಲ.

ಇದು ರ‍್ಯಾಮಾ, ಪ್ರೊಸೆಸರಾ, ಬೋರ್ಡಾ? ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾಗುವ ಮೊದಲು ಸರಿ ಮಾಡಬೇಕು.

ಕುಶಾಲನಗರ_ಸರ್ವೀಸ್ · ಜುಲೈ 8, ರಾತ್ರಿ 10:15

ಅಣ್ಣ, ನಾಲ್ಕೂ ರ‍್ಯಾಮ್ ತೆಗೆದು, ಚಿನ್ನದ ಬಣ್ಣದ ಕಾಲುಗಳನ್ನು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ ಹಾಕಿ. ಮಳೆಗಾಲದಲ್ಲಿ ನನ್ನ ಅಂಗಡಿಗೆ ಬರುವ ಮಷೀನುಗಳಲ್ಲಿ ಅರ್ಧಕ್ಕರ್ಧ ಇದರಲ್ಲೇ ಸರಿ ಹೋಗುತ್ತವೆ.

ಕರ್ನಲ್_ಓದುಗ · ಜುಲೈ 8, ರಾತ್ರಿ 11:40

ಉಜ್ಜುವುದು ತಪ್ಪು ಅಂತಲ್ಲ. ಆದರೆ ಈಗಲೇ ಬೇಡ. ನಾಲ್ಕನ್ನೂ ಒಟ್ಟಿಗೆ ತೆಗೆದು ಹಾಕಿದರೆ ಯಾವುದು ಕೆಟ್ಟಿತ್ತು ಅಂತ ಮತ್ತೆ ಗೊತ್ತಾಗುವುದಿಲ್ಲ. ಮಷೀನ್ ಏನು ಹೇಳಿದೆ ಅಂತ ಮೊದಲು ಓದೋಣ. ನಾನು ಗೋಣಿಕೊಪ್ಪದವನು, ಈಗ ಬೆಂಗಳೂರಿನಲ್ಲಿ ಕರ್ನಲ್ (ಲಿನಕ್ಸ್‌ನ ತಿರುಳಾದ ಪ್ರೋಗ್ರಾಂ) ಕೆಲಸ ಮಾಡುತ್ತೇನೆ. ನನ್ನ ದಿನ ಹೋಗುವುದೇ ಇಂಥ ದಾಖಲೆಗಳ ಜೊತೆ.

ಪ್ರೊಸೆಸರ್ ಒಳಗೆ ‘ಬ್ಯಾಂಕ್’ ಅಂತ ರಿಜಿಸ್ಟರ್ (ಅಂಕಿ ಬರೆದಿಡುವ ಸಣ್ಣ ಜಾಗ) ಗುಂಪುಗಳಿರುತ್ತವೆ. ಕ್ಯಾಶ್‌ಗೆ ಒಂದು, ಮೆಮರಿ ಕಂಟ್ರೋಲರ್‌ಗೆ ಒಂದು, ಹೀಗೆ. ತಪ್ಪು ಕಂಡ ಭಾಗ ತನ್ನ ಬ್ಯಾಂಕ್‌ನಲ್ಲಿ 64 ಬಿಟ್‌ನ ಸ್ಟೇಟಸ್ ಒಂದನ್ನು ಬರೆದಿಡುತ್ತದೆ. ನೀವು ಕೊಟ್ಟ ಸಂಖ್ಯೆ ಅದೇ, ಹೆಕ್ಸ್‌ನಲ್ಲಿ (ಹದಿನಾರರ ಎಣಿಕೆ) ಬರೆದದ್ದು. ಒಂದೊಂದು ಅಂಕಿ ನಾಲ್ಕು ಬಿಟ್, ಬಿಟ್‌ಗಳ ನಂಬರ್ ಎಡದಲ್ಲಿ 63ರಿಂದ ಇಳಿಯುತ್ತಾ ಹೋಗುತ್ತದೆ.

ಎಡಗಡೆಯ 8 ಮತ್ತು ಸಿ ಬಿಡಿಸಿದರೆ 1000 1100. ಮೊದಲ 1 ಅಂದರೆ 63ನೇ ಬಿಟ್. ಈ ದಾಖಲೆ ಊರ್ಜಿತ, ನಂಬಬಹುದು ಅಂತ ಅರ್ಥ. 62 ಸೊನ್ನೆ, ಅಂದರೆ ಇದನ್ನು ಓದುವ ಮೊದಲೇ ಇನ್ನೊಂದು ಬಂದು ಮೇಲೆ ಬಿದ್ದಿಲ್ಲ. 61 ಸೊನ್ನೆ, ಅಂದರೆ ತಪ್ಪನ್ನು ಅಲ್ಲೇ ಸರಿಪಡಿಸಿ ಆಗಿದೆ. ಆಮೇಲಿನ ಎರಡು 1, ಅಂದರೆ 59 ಮತ್ತು 58, ಹೆಚ್ಚಿನ ವಿವರ ಮತ್ತು ಮೆಮರಿ ವಿಳಾಸ ಪಕ್ಕದ ರಿಜಿಸ್ಟರ್‌ಗಳಲ್ಲಿವೆ ಅಂತ ಹೇಳುತ್ತವೆ. 57 ಸೊನ್ನೆ, ಪ್ರೊಸೆಸರ್‌ನ ಸ್ಥಿತಿ ಕೆಟ್ಟಿಲ್ಲ. ನಡುವೆ ಒಂಟಿಯಾಗಿ ನಿಂತಿರುವ 4 ಇದೆಯಲ್ಲ, ಅದು 38ನೇ ಬಿಟ್. ಸರಿಪಡಿಸಿದ ತಪ್ಪುಗಳ ಎಣಿಕೆ ಅಲ್ಲಿಂದ ಶುರು, ಇಲ್ಲಿ ಎಣಿಕೆ 1. ಕೊನೆಯ 0090 ಅಂದರೆ ಮೆಮರಿ ಕಂಟ್ರೋಲರ್, ಓದುವಾಗ, ಚಾನಲ್ (ಮೆಮರಿಗೆ ಹೋಗುವ ದಾರಿ) 0.

ಒಟ್ಟಿಗೆ ಓದಿದರೆ: ಚಾನಲ್ 0ರ ಮೆಮರಿ ಓದುವಾಗ ಒಂದು ತಪ್ಪು ಸಿಕ್ಕಿತು, ಇಸಿಸಿ ಸರಿ ಮಾಡಿತು.

ಇಸಿಸಿ ಸ್ಟಿಕ್‌ನಲ್ಲಿ ಪ್ರತಿ 64 ಬಿಟ್‌ಗೆ 8 ಬಿಟ್ ಕಾವಲು ಇರುತ್ತದೆ. ಒಂದು ಬಿಟ್ ತಿರುಗಿದರೆ ಅದು ಸರಿ ಮಾಡುತ್ತದೆ. ಎರಡು ತಿರುಗಿದರೆ ತಪ್ಪು ಅಂತ ಗೊತ್ತಾಗುತ್ತದೆ, ಸರಿ ಮಾಡಲು ಆಗುವುದಿಲ್ಲ. ವಾರಗಟ್ಟಲೆ ಒಂದೊಂದು ಬಿಟ್ ತಪ್ಪಾಗುತ್ತಿದ್ದ ಜಾಗದಲ್ಲಿ ಒಂದು ದಿನ ಎರಡು ತಪ್ಪಾಗಿರಬೇಕು. ನಿಮ್ಮ ರೀಬೂಟ್ ಅದೇ ಅಂತ ನನ್ನ ಅನುಮಾನ.

ಈಗ ನನಗೆ ಬೇಜಾರಾದ ವಿಷಯ. ನೀವು ಪ್ಲಗ್ ಕೀಳಬಾರದಿತ್ತು. ರೀಸೆಟ್ ಬಟನ್ ಒತ್ತಿ ಎಬ್ಬಿಸಿದರೆ ಬ್ಯಾಂಕ್‌ಗಳಲ್ಲಿ ಬರೆದದ್ದು ಉಳಿದಿರುತ್ತದೆ. ಲಿನಕ್ಸ್ ಮೇಲೇಳುವಾಗ ಹಿಂದಿನ ಸಲದ ಉಳಿಕೆ ಏನಿದೆ ಅಂತ ಬ್ಯಾಂಕ್‌ಗಳನ್ನು ನೋಡಿ ಲಾಗ್‌ಗೆ ಹಾಕುತ್ತದೆ. ಕೆಲವು ಸರ್ವರ್‌ಗಳಲ್ಲಿ ಬಯಾಸ್ (ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಂ) ತಾನೇ ಅದನ್ನು ಎತ್ತಿಟ್ಟುಕೊಂಡು, ಬರ್ಟ್ ಅನ್ನುವ ಪಟ್ಟಿಯ ಮೂಲಕ ಕರ್ನಲ್‌ಗೆ ಕೊಡುತ್ತದೆ. ಬರ್ಟ್ ಇರುವುದೇ ಹಿಂದಿನ ಬೂಟ್‌ನ ತಪ್ಪು ಹೇಳಲು. ಪ್ಲಗ್ ಕಿತ್ತರೆ ರಿಜಿಸ್ಟರ್‌ನಲ್ಲಿದ್ದದ್ದು ಹೋಯಿತು. ನಿನ್ನೆಯದು ನಿಮಗೆ ಸಿಗದೇ ಇರುವುದು ಅದಕ್ಕೇ ಇರಬೇಕು.

ಮಾದಾಪುರ_ತೋಟ · ಜುಲೈ 9, ಬೆಳಗ್ಗೆ 6:30

ಸರ್, ತುಂಬಾ ಉಪಕಾರ ಆಯಿತು. ಪ್ಲಗ್ ಕೀಳುವುದು ನಮ್ಮ ಮನೆಯಲ್ಲಿ ಎಲ್ಲರ ಅಭ್ಯಾಸ. ಗುಡುಗು ಕೇಳಿದರೆ ಸಾಕು, ಮೊದಲು ಕೈ ಹೋಗುವುದೇ ಅಲ್ಲಿಗೆ.

ಒಂದು ಪ್ರಶ್ನೆ. ತಪ್ಪು ಆದ ಕ್ಷಣದಲ್ಲೇ ಕರ್ನಲ್‌ಗೆ ಗೊತ್ತಾಗುತ್ತದೆ ಅಂತಾದರೆ, ಆಗಲೇ ಡಿಸ್ಕ್‌ಗೆ ಬರೆದಿಟ್ಟರೆ ಆಯಿತಲ್ಲ? ರಿಜಿಸ್ಟರ್‌ನಲ್ಲಿ ಯಾಕೆ ಬಿಟ್ಟಿರಬೇಕು?

ಕರ್ನಲ್_ಓದುಗ · ಜುಲೈ 9, ಮಧ್ಯಾಹ್ನ 1:20

ನಾನು ಈ ಕೆಲಸಕ್ಕೆ ಸೇರಿದಾಗ ಕೇಳಿದ ಮೊದಲ ಪ್ರಶ್ನೆಯೂ ಇದೇ. ನಿಮ್ಮ ಕಣದಲ್ಲೇ ಇದಕ್ಕೆ ಉತ್ತರ ಇದೆ.

ಕೊಯ್ಲಿನ ದಿನ ಸಂಜೆ ತೂಕದ ಹೊತ್ತಿಗೆ ಚೀಲ ಹೊತ್ತವರ ಸಾಲು ನಿಂತಿರುತ್ತದೆ. ರೈಟರ್ (ತೋಟದ ಗುಮಾಸ್ತ) ಆಗ ದೊಡ್ಡ ಲೆಡ್ಜರ್ ಬಿಚ್ಚಿ, ಹೆಸರು ಹುಡುಕಿ, ಹಳೆಯ ಬಾಕಿ ಕೂಡಿಸಿ ಬರೆಯುವುದಿಲ್ಲ. ಕೈಯಲ್ಲಿ ಮೊದಲೇ ಅಚ್ಚು ಹಾಕಿಸಿದ ಚೀಟಿ ಪುಸ್ತಕ ಇರುತ್ತದೆ. ನಂಬರ್, ಕಿಲೋ, ಅಷ್ಟೇ. ಲೆಡ್ಜರ್ ರಾತ್ರಿ, ಲೈಟ್ ಹಾಕಿಕೊಂಡು.

ಕರ್ನಲ್ ಮಾಡುವುದೂ ಇದನ್ನೇ. ಮೆಷಿನ್ ಚೆಕ್ ಅನ್ನುವುದು 18ನೇ ನಂಬರಿನ ಎಕ್ಸೆಪ್ಶನ್, ಅಂದರೆ ಪ್ರೊಸೆಸರ್ ನಡೆಯುತ್ತಿರುವ ಕೆಲಸವನ್ನು ಅಲ್ಲೇ ನಿಲ್ಲಿಸಿ ಕರ್ನಲ್ ಅನ್ನು ಕರೆಯುವುದು. ಅದು ಯಾವ ಗಳಿಗೆಯಲ್ಲಿ ಬೇಕಾದರೂ ಬರುತ್ತದೆ. ಡಿಸ್ಕ್ ಡ್ರೈವರ್ ಒಂದು ಲಾಕ್ (ಒಬ್ಬರು ಬಳಸುವಾಗ ಬೇರೆಯವರನ್ನು ತಡೆಯುವ ಗುರುತು) ಹಿಡಿದುಕೊಂಡು ಅರ್ಧ ಕೆಲಸದಲ್ಲಿರುವಾಗಲೇ ಬಂತು ಅಂದುಕೊಳ್ಳಿ. ನಮ್ಮ ಕೋಡ್ ಅದೇ ಲಾಕ್‌ಗೆ ಕಾದರೆ, ಲಾಕ್ ಬಿಡಬೇಕಾದವನು ನಮ್ಮ ಕೆಳಗೇ ನಿಂತಿರುತ್ತಾನೆ. ಅವನು ಮುಂದೆ ಹೋಗುವುದಿಲ್ಲ, ನಾವೂ ಹೋಗುವುದಿಲ್ಲ. ಹೊಸ ಮೆಮರಿ ಕೇಳುವ ಹಾಗೂ ಇಲ್ಲ. ಮೆಮರಿ ಹಂಚುವ ಕೋಡ್‌ಗೂ ಲಾಕ್ ಇದೆ.

ಹಾಗಾಗಿ ಬೂಟ್ ಆಗುವಾಗಲೇ ಕರ್ನಲ್ ಒಂದಷ್ಟು ಜಾಗ ಮೀಸಲಿಟ್ಟಿರುತ್ತದೆ. ಅದೇ ಚೀಟಿ ಪುಸ್ತಕ. ಎಕ್ಸೆಪ್ಶನ್ ಬಂದ ಕೂಡಲೇ ಬ್ಯಾಂಕ್ ಓದಿ, ಅದನ್ನು ಒಂದು ಚೀಟಿಗೆ ಇಳಿಸಿ, ಲಾಕ್ ಬೇಡದ ಒಂದು ಪಟ್ಟಿಗೆ ಸೇರಿಸಿ, ‘ಆಮೇಲೆ ನೋಡಿ’ ಅಂತ ಒಂದು ಸಣ್ಣ ಕೆಲಸ ಸಾಲಿಗೆ ಹಾಕಿ ಹೊರಬರುತ್ತದೆ. ಆಮೇಲೆ ನೆಮ್ಮದಿಯಾಗಿ ಚೀಟಿಗಳನ್ನು ಒಂದೊಂದಾಗಿ ತೆಗೆದು, ಆಸಕ್ತಿ ಇರುವವರಿಗೆಲ್ಲ ತೋರಿಸುತ್ತದೆ. ಇಡ್ಯಾಕ್ ಅನ್ನುವ ಭಾಗ ವಿಳಾಸ ನೋಡಿ ಯಾವ ಚಾನಲ್, ಯಾವ ಸ್ಟಿಕ್ ಅಂತ ಹೇಳುತ್ತದೆ. ಇನ್ನೊಂದು ಭಾಗ ಆ ಪುಟವನ್ನು (ಮೆಮರಿಯ ಒಂದು ತುಂಡು) ಬಳಕೆಯಿಂದ ತೆಗೆಯಬೇಕಾ ಅಂತ ನೋಡುತ್ತದೆ. ರಾಸ್‌ಡೀಮನ್ ಅನ್ನುವ ಪ್ರೋಗ್ರಾಂ ಅದನ್ನು ಡೇಟಾಬೇಸ್‌ಗೆ ಬರೆದುಕೊಳ್ಳುತ್ತದೆ. ಅದೇ ಲೆಡ್ಜರ್.

ಸರಿಪಡಿಸಿದ ತಪ್ಪಿಗೆ ಎಕ್ಸೆಪ್ಶನ್ ಕೂಡ ಬೇಕಿಲ್ಲ. ಈಚಿನ ಇಂಟೆಲ್ ಪ್ರೊಸೆಸರ್‌ಗಳು ಒಂದು ಸಾಮಾನ್ಯ ಇಂಟರಪ್ಟ್ (ಕರೆಗಂಟೆ ಥರದ ಸೂಚನೆ) ಕೊಡುತ್ತವೆ. ಅದಿಲ್ಲದ ಕಡೆ ಲಿನಕ್ಸ್ ಸುಮಾರು 5 ನಿಮಿಷಕ್ಕೊಮ್ಮೆ ತಾನೇ ಹೋಗಿ ಬ್ಯಾಂಕ್ ಇಣುಕಿ ಬರುತ್ತದೆ. ಇಂಟರಪ್ಟ್ ಮಳೆಯ ಹಾಗೆ ಸುರಿಯಲು ಶುರುವಾದರೆ ಅದನ್ನು ನಿಲ್ಲಿಸಿ ಇಣುಕುವ ಕ್ರಮಕ್ಕೇ ಬದಲಾಗುತ್ತದೆ.

ಸರಿಪಡಿಸಲಾಗದ ತಪ್ಪಿನಲ್ಲಿ ಎರಡು ದಾರಿ. ಸ್ಟೇಟಸ್ ‘ಬಿಇ’ ಅಂತ ಶುರುವಾದರೆ 61ನೇ ಬಿಟ್ಟೂ 57ನೇ ಬಿಟ್ಟೂ ಎದ್ದಿವೆ. ಪ್ರೊಸೆಸರ್ ಸ್ಥಿತಿಯೇ ಕೆಟ್ಟಿದೆ. ಕರ್ನಲ್ ಪ್ಯಾನಿಕ್ ಆಗಿ ಎಲ್ಲ ನಿಲ್ಲಿಸಲೇಬೇಕು, ಮುಂದುವರಿದರೆ ಕೆಟ್ಟ ಡೇಟಾ ಡಿಸ್ಕ್‌ಗೆ ಹೋಗುತ್ತದೆ. ‘ಬಿಡಿ8’ ಅಂತ ಶುರುವಾದರೆ 57 ಸೊನ್ನೆ, 56 ಮತ್ತು 55 ಎದ್ದಿವೆ. ಆಗ ಆ ಪುಟ ಬಳಸುತ್ತಿದ್ದ ಪ್ರೋಗ್ರಾಂಗೆ ಮಾತ್ರ ಸಿಗ್‌ಬಸ್ (ಪ್ರೋಗ್ರಾಂ ನಿಲ್ಲಿಸುವ ಸೂಚನೆ) ಕಳಿಸಿ, ಪುಟವನ್ನು ವಿಷ ಅಂತ ಗುರುತು ಮಾಡಿ, ಉಳಿದ ಸಿಸ್ಟಮ್ ಉಳಿಸಬಹುದು. ಪುಟವನ್ನು ವಿಷ ಅಂತ ಗುರುತು ಮಾಡುವ ಏರ್ಪಾಡು ಲಿನಕ್ಸ್‌ಗೆ ಬಂದದ್ದು 2009ರಲ್ಲಿ, ಕರ್ನಲ್ 2.6.32ರಲ್ಲಿ.

ಪ್ಯಾನಿಕ್ ಆಗುವ ಹೊತ್ತಿನ ಕೊನೆಯ ಲಾಗ್ ಉಳಿಸಲು ಪಿ-ಸ್ಟೋರ್ ಇದೆ. ಬೋರ್ಡ್‌ನಲ್ಲಿ ಅರ್ಸ್ಟ್ ಅನ್ನುವ ಸೌಲಭ್ಯ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಯುಇಎಫ್‌ಐನ (ಹೊಸ ಕಾಲದ ಬಯಾಸ್) ಶಾಶ್ವತ ಜಾಗದಲ್ಲಿ ಬರೆಯಬಹುದು. ಅಲ್ಲಿ ಬರೆದದ್ದು ಪ್ಲಗ್ ಕಿತ್ತರೂ ಹೋಗುವುದಿಲ್ಲ. ನಿಮ್ಮ ಮಷೀನ್‌ನಲ್ಲಿ ಅದು ಆನ್ ಇದೆಯಾ ನೋಡಿ. ಜೊತೆಗೆ ಇವತ್ತೇ ರಾಸ್‌ಡೀಮನ್ ಹಾಕಿ, ರೆಕಾರ್ಡ್ ಮಾಡುವ ಆಯ್ಕೆ ಕೊಡಿ. ಇಡ್ಯಾಕ್‌ನ ಎಣಿಕೆ ರೀಬೂಟ್ ಆದರೆ ಸೊನ್ನೆಗೆ ಬರುತ್ತದೆ, ಡೇಟಾಬೇಸ್‌ನಲ್ಲಿರುವುದು ಉಳಿಯುತ್ತದೆ. ಹಳೆಯ ಲೇಖನಗಳಲ್ಲಿ ಎಂಸಿಇಲಾಗ್ (ಇದೇ ಕೆಲಸದ ಹಳೆಯ ಪ್ರೋಗ್ರಾಂ) ಹಾಕಿ ಅಂತ ಇರುತ್ತದೆ. ಅದನ್ನು ಕರ್ನಲ್ 4.12ರಿಂದಲೇ ಪಕ್ಕಕ್ಕೆ ಸರಿಸಿದ್ದಾರೆ.

ಸಿಎಸ್_ಪೊನ್ನಂಪೇಟೆ · ಜುಲೈ 9, ಸಂಜೆ 7:05

ಸರ್, ನಾನು ಕಂಪ್ಯೂಟರ್ ಸೈನ್ಸ್ ಮೂರನೇ ವರ್ಷ. ಕೆಲವು ಸರ್ವರ್‌ಗಳಲ್ಲಿ ತಪ್ಪನ್ನು ಫರ್ಮ್‌ವೇರ್ (ಬಯಾಸ್ ಥರದ್ದು) ಮೊದಲು ನೋಡಿ, ಆಮೇಲೆ ಕರ್ನಲ್‌ಗೆ ಕೊಡುತ್ತದೆ ಅಂತ ಓದಿದೆ. ಆಗ ಕರ್ನಲ್ ಕೈಗೆ ಬರುವುದು ಏನು? ಅದನ್ನು ಹಾಗೇ ನಂಬುತ್ತದಾ?

ಕರ್ನಲ್_ಓದುಗ · ಜುಲೈ 9, ರಾತ್ರಿ 10:30

ಒಳ್ಳೆಯ ಪ್ರಶ್ನೆ ಕೇಳಿದಿರಿ. ಹಾಗೇ ನಂಬಬಾರದು.

ಎಸಿಪಿಐ (ಫರ್ಮ್‌ವೇರ್ ಮತ್ತು ಕರ್ನಲ್ ಮಾತಾಡಿಕೊಳ್ಳುವ ನಿಯಮ) 4.0ರಲ್ಲಿ ತಪ್ಪು ತಿಳಿಸಲು ಎಪಿಇಐ ಅನ್ನುವ ಏರ್ಪಾಡು ಬಂತು. ಅದರಲ್ಲಿ ಹೆಸ್ಟ್ ಅನ್ನುವ ಪಟ್ಟಿ ಇದೆ. ಯಾವ ತಪ್ಪಿನ ಸುದ್ದಿ ಎಲ್ಲಿ ಬರುತ್ತದೆ, ಹೇಗೆ ಕರೆಯುತ್ತೇವೆ ಅಂತ ಫರ್ಮ್‌ವೇರ್ ಅದರಲ್ಲಿ ಹೇಳಿರುತ್ತದೆ. ತಪ್ಪಾದಾಗ ಮೀಸಲು ಮೆಮರಿಯ ಒಂದು ಬ್ಲಾಕ್‌ನಲ್ಲಿ ವಿವರ ಬರೆದು ಕರ್ನಲ್‌ಗೆ ತಟ್ಟುತ್ತದೆ. ವಿವರದ ರೂಪ ಸಿಪಿಇಆರ್. ಯುಇಎಫ್‌ಐ ನಿಯಮದಲ್ಲಿ ಬರೆದಿರುವ, ಎಲ್ಲರಿಗೂ ಒಂದೇ ಆದ ನಮೂನೆ. ಒಳಗೆ ಒಂದೊಂದು ಭಾಗ. ಮೆಮರಿದಾ, ಪಿಸಿಐ ಎಕ್ಸ್‌ಪ್ರೆಸ್‌ದಾ, ಪ್ರೊಸೆಸರ್‌ದಾ ಅಂತ ಪ್ರತಿ ಭಾಗದ ಮೇಲೆ ಗುರುತು ಇರುತ್ತದೆ.

ಹೊಸಬರು ಎಡವುವ ಜಾಗ ಒಂದು ಹೇಳುತ್ತೇನೆ. ಸಿಪಿಇಆರ್‌ನಲ್ಲಿ ತೀವ್ರತೆಯ ಅಂಕಿ ಹೀಗಿದೆ: 0 ಅಂದರೆ ಚೇತರಿಸಿಕೊಳ್ಳಬಹುದಾದದ್ದು, 1 ಮಾರಕ, 2 ಸರಿಪಡಿಸಿದ್ದು, 3 ಬರೀ ಮಾಹಿತಿ. ಏರಿಕೆಯ ಕ್ರಮದಲ್ಲಿಲ್ಲ. ‘ಅಂಕಿ ದೊಡ್ಡದಾದಷ್ಟು ಕೆಟ್ಟದ್ದು’ ಅಂತ ಬರೆದ ಕೋಡ್ ಮಾರಕ ತಪ್ಪನ್ನು ಸುಮ್ನೆ ಬಿಟ್ಟುಬಿಡುತ್ತದೆ. ಅದಕ್ಕೇ ಲಿನಕ್ಸ್ ಮೊದಲು ಇದನ್ನು ತನ್ನದೇ ಕ್ರಮಕ್ಕೆ ಬದಲಿಸಿಕೊಳ್ಳುತ್ತದೆ.

ಇನ್ನು ಉದ್ದ. ಬ್ಲಾಕ್ ತಾನು ಇಷ್ಟು ಬೈಟ್ ಉದ್ದ ಅಂತ ಹೇಳುತ್ತದೆ. ಅದು ಹೆಸ್ಟ್ ಕೊಟ್ಟ ಜಾಗದೊಳಗೆ ಹಿಡಿಸುತ್ತದಾ, ಒಳಗಿನ ಭಾಗಗಳೆಲ್ಲ ಸೇರಿ ಅದರೊಳಗೆ ಇವೆಯಾ ಅಂತ ನೋಡದೆ ಒಂದು ಬೈಟ್ ಕೂಡ ಮುಂದೆ ಓದಬಾರದು. ನಾನು ಕೆಲಸ ಮಾಡಿದ ಒಂದು ಬೋರ್ಡ್‌ನ ಫರ್ಮ್‌ವೇರ್ ಇದ್ದದ್ದಕ್ಕಿಂತ ದೊಡ್ಡ ಉದ್ದ ಕೊಡುತ್ತಿತ್ತು. ನಮ್ಮ ಟೂಲ್ ಅದನ್ನು ನಂಬಿ ಆಚೆಗೆ ಓದಿತು. ಸರಿಪಡಿಸಿದ ಒಂದು ಸಣ್ಣ ತಪ್ಪಿನ ವರದಿ ಓದಲು ಹೋಗಿ ಇಡೀ ಟೂಲ್ ಬಿದ್ದಿತ್ತು. ಕಾರಣ ಹುಡುಕಲು ನಾಲ್ಕು ದಿನ ಹಿಡಿಯಿತು.

ಮೂರನೆಯದು ರಶೀದಿ. ಕರ್ನಲ್ ಓದಿ ಮುಗಿಸಿ ‘ಆಯಿತು’ ಅಂತ ಗುರುತು ಹಾಕಬೇಕು. ಓದುವ ಮೊದಲೇ ಹಾಕಿದರೆ, ಅರ್ಧ ಓದುವಾಗ ಫರ್ಮ್‌ವೇರ್ ಹೊಸದನ್ನು ಮೇಲೆ ಬರೆಯುತ್ತದೆ. ಹಾಕಲು ಮರೆತರೆ ಮುಂದಿನ ಸುದ್ದಿಗೆ ಜಾಗ ಇರುವುದಿಲ್ಲ. ಮೊದಲು ನಕಲು, ಆಮೇಲೆ ರಶೀದಿ, ಆಮೇಲೆ ಬಿಡಿಸಿ ಓದುವುದು. ಈ ಕ್ರಮ ಮನಸ್ಸಿನಲ್ಲಿದ್ದರೆ ಆ ಕೋಡ್ ಓದುವುದು ಕಷ್ಟ ಆಗುವುದಿಲ್ಲ.

ವಿರಾಜಪೇಟೆ_ಮನೆ · ಜುಲೈ 10, ಬೆಳಗ್ಗೆ 8:12

ನನ್ನ ಲ್ಯಾಪ್‌ಟಾಪ್‌ನಲ್ಲೂ ಹಾರ್ಡ್‌ವೇರ್ ಎರರ್ ಬರುತ್ತಿತ್ತು. ಪಿಸಿಐ ಬಸ್ ಎರರ್, ಕರೆಕ್ಟೆಡ್, ಫಿಸಿಕಲ್ ಲೇಯರ್ ಅಂತ ಸಾವಿರಗಟ್ಟಲೆ ಸಾಲು. ಲಾಗ್ ಫೈಲ್‌ನಿಂದಲೇ ಡಿಸ್ಕ್ ತುಂಬಿತ್ತು. ಬೂಟ್ ಸಾಲಿನಲ್ಲಿ ‘ನೋ-ಎಇಆರ್’ ಹಾಕಿದೆ, ಎಲ್ಲ ನಿಂತಿತು. ಅದನ್ನೇ ಹಾಕಿ ನೋಡಿ.

ಕರ್ನಲ್_ಓದುಗ · ಜುಲೈ 10, ಬೆಳಗ್ಗೆ 9:40

ಅಕ್ಕ, ದಯವಿಟ್ಟು ಅದನ್ನು ತೆಗೆಯಿರಿ. ನಿಂತದ್ದು ವರದಿ, ತಪ್ಪಲ್ಲ. ನಾಳೆ ಅದೇ ಸ್ಲಾಟ್‌ನಲ್ಲಿ ಸರಿಪಡಿಸಲಾಗದ ತಪ್ಪು ಬಂದರೂ ನಿಮಗೆ ಸುದ್ದಿ ಬರುವುದಿಲ್ಲ. ಸಾಲಿನಲ್ಲಿ ಡಿವೈಸ್ ನಂಬರ್ ಇರುತ್ತದೆ, ಯಾವ ಕಾರ್ಡ್ ಅಂತ ನೋಡಿ. ವೈಫೈ ಕಾರ್ಡ್ ಆಗಿದ್ದರೆ ತೆಗೆದು ಸರಿಯಾಗಿ ಕೂರಿಸಿ. ಆಮೇಲೂ ಬಂದರೆ ಪಿಸಿಐ ಲಿಂಕ್‌ನ ಕರೆಂಟ್ ಉಳಿಸುವ ಎಎಸ್‌ಪಿಎಂ ಆಫ್ ಮಾಡಿ ನೋಡಿ. ತುಂಬಾ ಲ್ಯಾಪ್‌ಟಾಪ್‌ಗಳಲ್ಲಿ ಅದರಿಂದ ನಿಲ್ಲುತ್ತದೆ.

ಗೋಣಿಕೊಪ್ಪ_ಗೇಮರ್ · ಜುಲೈ 10, ರಾತ್ರಿ 11:02

ವಿಂಡೋಸ್‌ನವರಿಗೂ ಸ್ವಲ್ಪ ಹೇಳಿ ಅಣ್ಣ. ನನಗೆ ನೀಲಿ ಸ್ಕ್ರೀನ್, ಕೋಡ್ 124. ಈವೆಂಟ್ ವ್ಯೂವರ್‌ನಲ್ಲಿ ವ್ಹಿಯಾ ಲಾಗರ್ (ವಿಂಡೋಸ್‌ನಲ್ಲಿ ಹಾರ್ಡ್‌ವೇರ್ ತಪ್ಪು ಬರೆಯುವ ಭಾಗ), ಐಡಿ 18. ಜೊತೆಗೆ ಅರ್ಥವಾಗದ ಉದ್ದನೆಯ ಅಂಕಿಗಳು.

ಕರ್ನಲ್_ಓದುಗ · ಜುಲೈ 10, ರಾತ್ರಿ 11:30

ಆ ಉದ್ದನೆಯ ಅಂಕಿ 43504552 ಅಂತ ಶುರುವಾಗುತ್ತದಾ ನೋಡಿ. ಎರಡೆರಡು ಅಂಕಿಗೆ ಒಂದು ಅಕ್ಷರ: ಸಿ, ಪಿ, ಇ, ಆರ್. ಮೇಲೆ ಹೇಳಿದ ಅದೇ ದಾಖಲೆ. ವಿಸ್ತಾ ಕಾಲದಿಂದ ವಿಂಡೋಸ್ ಇದೇ ನಮೂನೆ ಬಳಸುತ್ತದೆ. ಐಡಿ 18 ಮಾರಕ, 19 ಸರಿಪಡಿಸಿದ್ದು. ಬಯಾಸ್‌ನಲ್ಲಿ ಸ್ಪೀಡ್ ಏರಿಸಿದ್ದರೆ ಎಲ್ಲವನ್ನೂ ಮೊದಲಿನ ಹಾಗೆ ಮಾಡಿ ಒಂದು ವಾರ ಓಡಿಸಿ, ಆಮೇಲೆ ಹೊಸ ಚರ್ಚೆ ಶುರು ಮಾಡಿ.

ಮಡಿಕೇರಿ_ಮಂಜು · ಜುಲೈ 11, ಬೆಳಗ್ಗೆ 7:45

ಎತ್ತರದ ಜಾಗದಲ್ಲಿ ಬಾಹ್ಯಾಕಾಶದ ಕಿರಣಗಳಿಂದ ಬಿಟ್ ತಿರುಗುವುದು ಜಾಸ್ತಿ ಅಲ್ವಾ? ಮಡಿಕೇರಿ 1,100 ಮೀಟರ್‌ಗೂ ಮೇಲಿದೆ.

ಕರ್ನಲ್_ಓದುಗ · ಜುಲೈ 11, ಬೆಳಗ್ಗೆ 10:10

ಎತ್ತರ ಏರಿದಷ್ಟು ಅಂಥ ಕಣಗಳು ಜಾಸ್ತಿ, ನಿಜ. ಆದರೆ ಅವು ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹೊಡೆಯುವುದಿಲ್ಲ. ಇವರ ಲಾಗ್‌ನಲ್ಲಿ ಚಾನಲ್ 0 ಬಿಟ್ಟು ಬೇರೆ ಇಲ್ಲ. 2009ರಲ್ಲಿ ಗೂಗಲ್ ಸರ್ವರ್‌ಗಳ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ವರ್ಷಕ್ಕೆ 8%ಕ್ಕೂ ಹೆಚ್ಚು ಸ್ಟಿಕ್‌ಗಳಲ್ಲಿ ತಪ್ಪು ಕಂಡಿತ್ತು. ಬಹುಪಾಲು ಹಾರ್ಡ್‌ವೇರ್‌ನ ಖಾಯಂ ದೋಷದಿಂದಲೇ ಅಂತ ಅವರು ಹೇಳಿದರು. ಆಕಾಶಕ್ಕಿಂತ ಮೊದಲು ಸ್ಲಾಟ್ ನೋಡೋಣ.

ಮಾದಾಪುರ_ತೋಟ · ಜುಲೈ 26, ರಾತ್ರಿ 9:15

ತಡವಾಯಿತು. ಎರಡು ವಾರ ಕರೆಂಟೂ ಸರಿ ಇರಲಿಲ್ಲ, ನೆಟ್ಟೂ ಇರಲಿಲ್ಲ.

ರಾಸ್‌ಡೀಮನ್ ಹಾಕಿದೆ. 12 ದಿನದಲ್ಲಿ 214 ತಪ್ಪು, ಎಲ್ಲ ಚಾನಲ್ 0, ಮೊದಲ ಸ್ಲಾಟ್. 19ನೇ ತಾರೀಕು ಮತ್ತೆ ನಿಂತಿತು. ಈ ಸಲ ರೀಸೆಟ್ ಬಟನ್ ಒತ್ತಿದೆ. ಮೇಲೆದ್ದ ಕೂಡಲೇ ಲಾಗ್‌ನಲ್ಲಿ ಸಿಕ್ಕಿತು: ‘ಬಿಇ’ ಅಂತ ಶುರುವಾಗುವ ಸ್ಟೇಟಸ್, ಕೊನೆಯಲ್ಲಿ ಅದೇ 0090.

ನೀವು ಹೇಳಿದ ಹಾಗೆ ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲ ಸ್ಲಾಟ್‌ನ ಸ್ಟಿಕ್ ತೆಗೆದು ಮೂರನೆಯದಕ್ಕೆ ಹಾಕಿದೆ, ಅದರದ್ದನ್ನು ಇಲ್ಲಿಗೆ. ಉಜ್ಜಲಿಲ್ಲ, ಒರೆಸಲಿಲ್ಲ. ಸ್ಟಿಕ್ ಕೆಟ್ಟಿದ್ದರೆ ತಪ್ಪು ಅದರ ಜೊತೆ ಹೋಗಬೇಕಿತ್ತು. ಹೋಗಲಿಲ್ಲ. ಮೂರು ದಿನ ಮತ್ತೆ ಚಾನಲ್ 0ರಲ್ಲೇ.

ಆಮೇಲೆ ಟಾರ್ಚ್ ಹಿಡಿದು ಸ್ಲಾಟ್ ಒಳಗೆ ನೋಡಿದೆ. ಕಿಟಕಿ ಕಡೆಯ ತುದಿಯಲ್ಲಿ ನಾಲ್ಕೈದು ಪಿನ್‌ಗಳ ಬುಡದಲ್ಲಿ ತಿಳಿ ಹಸಿರು, ಹಳೆಯ ತಾಮ್ರದ ಕೊಡದ ಬಾಯಿಯಲ್ಲಿ ಕಟ್ಟುತ್ತದಲ್ಲ, ಹಾಗೆ. ಸರ್ವರ್ ಇಟ್ಟಿದ್ದು ಕಿಟಕಿಯ ಕೆಳಗೆ. ಪಶ್ಚಿಮದ ಗಾಳಿಗೆ ಎರಚಲು ಅಲ್ಲಿಗೇ ಬರುತ್ತದೆ. ನೀರು ಕಣ್ಣಿಗೆ ಕಾಣುವಷ್ಟು ಇರಲಿಲ್ಲ, ಬರೀ ಥಂಡಿ.

ಕುಶಾಲನಗರ_ಸರ್ವೀಸ್ · ಜುಲೈ 26, ರಾತ್ರಿ 9:50

ಅಣ್ಣ, ನಾನು ಹೇಳಿದ ಹಾಗೆ ಉಜ್ಜಿದ್ದರೆ ಸ್ಟಿಕ್ ತೆಗೆದು ಹಾಕಿದ ಒತ್ತಡಕ್ಕೆ ಹತ್ತು ದಿನ ಸುಮ್ಮನಿದ್ದು ಮತ್ತೆ ಶುರುವಾಗುತ್ತಿತ್ತು. ಸ್ಲಾಟ್ ಒಳಗೆ ರಬ್ಬರ್ ಹಾಕಬೇಡಿ, ಪುಡಿ ಉಳಿದುಬಿಡುತ್ತದೆ. ಪ್ಲಗ್ ತೆಗೆದು, ಮೆತ್ತನೆ ಬ್ರಷ್‌ನಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ನಿಧಾನಕ್ಕೆ ತಿಕ್ಕಿ. ಪೂರ್ತಿ ಆರಿದ ಮೇಲೆ ಹಾಕಿ. ಪಿನ್ ಬಗ್ಗಿದ್ದರೆ ಮುಟ್ಟಬೇಡಿ, ತೆಗೆದುಕೊಂಡು ಬನ್ನಿ.

ಕರ್ನಲ್_ಓದುಗ · ಜುಲೈ 26, ರಾತ್ರಿ 10:20

ತುಂಬಾ ಚೆನ್ನಾಗಿ ಹುಡುಕಿದಿರಿ. ಇನ್ನೊಂದು ಮಾತು. ಕರ್ನಲ್ ಹೇಳುವ ಸ್ಲಾಟ್ ಹೆಸರು ಬೋರ್ಡ್ ಮೇಲೆ ಅಚ್ಚಾಗಿರುವ ಹೆಸರಿಗೆ ಯಾವಾಗಲೂ ಹೊಂದುವುದಿಲ್ಲ. ನೀವು ಅದಲು ಬದಲು ಮಾಡಿ ಖಚಿತ ಮಾಡಿಕೊಂಡಿದ್ದೀರಿ. ಅದನ್ನು ಒಂದು ಕಾಗದದಲ್ಲಿ ಬರೆದು ಕ್ಯಾಬಿನೆಟ್ ಒಳಗೆ ಅಂಟಿಸಿ. ನಿಂತ ದಿನದ ಲೆಕ್ಕಗಳನ್ನೂ ಒಮ್ಮೆ ಚೀಟಿಗಳ ಜೊತೆ ತಾಳೆ ನೋಡಿ.

ಮಾದಾಪುರ_ತೋಟ · ಸೆಪ್ಟೆಂಬರ್ 5, ಸಂಜೆ 6:40

ಕೈಲ್ ಮುಹೂರ್ತ (ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ) ಮುಗಿಸಿ ಈಗ ಕೂತೆ. ಜುಲೈ 26ರ ರಾತ್ರಿಯೇ ಸ್ಲಾಟ್ ತೊಳೆದು, ಸರ್ವರನ್ನು ಒಳಗಿನ ಗೋಡೆಯ ಪಕ್ಕಕ್ಕೆ ಸರಿಸಿದ್ದೆ. 41 ದಿನ ಆಯಿತು. ಡೇಟಾಬೇಸ್‌ನಲ್ಲಿ ಹೊಸ ಸಾಲು ಒಂದೂ ಇಲ್ಲ. ನಡುವೆ ಒಂದು ವಾರ ಬಿಡದೆ ಮಳೆ ಸುರಿದಿತ್ತು, ಆಗಲೂ ಬರಲಿಲ್ಲ. ಜುಲೈ 7 ಮತ್ತು 19ರ ಲೆಕ್ಕ ತಾಳೆ ನೋಡಿದೆ, ಸರಿ ಇದೆ.

ರೀಸೆಟ್ ಬಟನ್ ಪಕ್ಕದಲ್ಲಿ ಮಗಳು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದಾಳೆ: ‘ನಿಂತರೆ ಇದನ್ನು ಒತ್ತಿ. ಪ್ಲಗ್ ಕೀಳಬೇಡಿ.’